ಕಾಲೊಳಗಿನ ಮೀನು

ಹೋದ ವರ್ಷ ಮಾರ್ಚ್ ತಿಂಗಳ ನನ್ನ ಟಿಪ್ಪಣಿ ಪುಸ್ತಕದ ಒಂದು ಪುಟ:

“6.40, ಗಂಡು ಬಂತು. ಏಳು ಹಣ್ಣು, ಎಲ್ಲವೂ ಬಸರಿ. 7.25, ಮತ್ತೆ ಬಂತು. ಈ ಸಲ ಓತಿಕ್ಯಾತ ಇರಬೇಕು, ಬಾಲ ಕಂಡಿತು. 8.10, ಎಡಗಾಲು ಹಿಡಿದಂತಿದೆ. 8.15, ಹೆಣ್ಣು ಸಂದಿಯಿಂದ ಕೊಕ್ಕಿನ ತುದಿ ಹೊರಹಾಕಿ ಒಳಗೆಳೆದುಕೊಂಡಿತು.”

ಮುಂದಿನ ಮೂರು ದಿನಗಳ ಪುಟಗಳಲ್ಲೂ ಕಾಲು ಹೀಗೇ ಹಣ್ಣಿನ ಲೆಕ್ಕದ ನಡುವೆ ತೂರಿಕೊಂಡು ಬರುತ್ತದೆ. “ಕಾಲು ಭಾರ.” “ಮೀನಖಂಡ ಬಿಗಿ.” “ಸಾಕ್ಸಿನ ಅಚ್ಚು ಆಳವಾಗಿ ಬಿದ್ದಿದೆ, ಎಡಕ್ಕೆ ಮಾತ್ರ.” ಬರೆದವನು ನಾನೇ. ಬರೆದದ್ದನ್ನು ಓದಿದ್ದು ಐದನೆಯ ದಿನ.

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮೇಲಿನ ಕಾಡಿನಲ್ಲೊಂದು ಹಳೆಯ ನಂದಿ ಮರವಿದೆ. ಅದರ ಪೊಟರೆಯಲ್ಲಿ ಮಲಬಾರ್ ಬೂದು ಮಂಗಟ್ಟೆ ಗೂಡು ಮಾಡುತ್ತದೆ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಇದು. ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿ, ಕೊಕ್ಕು ತೂರುವಷ್ಟು ಸಂದಿ ಬಿಟ್ಟುಕೊಂಡು ಎರಡು ತಿಂಗಳಿಗೂ ಮೀರಿ ಕೂತಿರುತ್ತದೆ. ಊಟ ಗಂಡಿನ ಜವಾಬ್ದಾರಿ. ನಾನು ಎದುರಿನ ದಿಬ್ಬದಲ್ಲಿ ಸೊಪ್ಪಿನ ಮರೆ ಕಟ್ಟಿಕೊಂಡು, ಅಡಿಕೆ ದಬ್ಬೆಯ ಬೆಂಚಿನ ಮೇಲೆ ಬೆಳಗಿನಿಂದ ಹನ್ನೊಂದರವರೆಗೆ ಕೂರುತ್ತಿದ್ದೆ. ದಬ್ಬೆಯ ಅಂಚು ಮೊಣಕಾಲಿನ ಹಿಂಭಾಗಕ್ಕೆ ಒತ್ತುತ್ತಿತ್ತು. ಪದೇ ಪದೇ ಏಳಬೇಕಾಗುತ್ತದೆಂದು ನೀರು ಕುಡಿಯುತ್ತಿರಲಿಲ್ಲ. ನಮ್ಮ ಜಾತಿಯ ಹುಚ್ಚರಲ್ಲಿ ಅಲ್ಲಾಡದೆ ಕೂರುವುದೇ ಒಂದು ಹೆಚ್ಚುಗಾರಿಕೆ.

ಇದಕ್ಕೂ ತಿಂಗಳ ಹಿಂದೆ ಹರ್ನಿಯಾ ಆಪರೇಷನ್ ಆಗಿತ್ತು. ಆ ವಾರವಷ್ಟೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದಿದ್ದೆ. ಇವೆರಡಕ್ಕೂ ಕಾಲುನೋವಿಗೂ ನಂಟಿದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮೀನಖಂಡ ಎಂದು ಮೊದಲು ಹೆಸರಿಟ್ಟವರು ಯಾರೋ, ಚೆನ್ನಾಗಿ ನೋಡಿ ಇಟ್ಟಿದ್ದಾರೆ. ತೆಳ್ಳಗಿನ ಆಳೊಬ್ಬ ಕಾಲ್ಬೆರಳ ಮೇಲೆ ನಿಂತು ಅಟ್ಟದ ಡಬ್ಬಿಗೆ ಕೈ ಚಾಚುವಾಗ ಹಿಂದಿನಿಂದ ಗಮನಿಸಿ. ಮೇಲೆ ದಪ್ಪ, ಕೆಳಗೆ ಸಪೂರ, ಬಾಲ ಹಿಮ್ಮಡಿಗೆ ಅಂಟಿಕೊಂಡ ಮೀನೊಂದು ಚರ್ಮದಡಿ ಹೊರಳುತ್ತದೆ. ಅದರ ಅಡಿಯಲ್ಲಿ ಇನ್ನೊಂದು ಚಪ್ಪಟೆ ಸ್ನಾಯು ಇದೆ, ಸೋಲಿಯಸ್. ಲ್ಯಾಟಿನ್ನಿನಲ್ಲಿ ಚಪ್ಪಲಿ ಎಂಬರ್ಥದ ಪದದಿಂದ ಬಂದ ಹೆಸರು. ಅದೇ ಮೂಲದಿಂದ ಯುರೋಪಿನ ಒಂದು ಚಪ್ಪಟೆ ಮೀನಿಗೂ ಹೆಸರು ಬಂದಿದೆ. ನಮ್ಮ ಕರಾವಳಿಯವರು ನಂಗು ಎಂದು ಹುರಿದು ತಿನ್ನುತ್ತಾರಲ್ಲ, ಆ ಬಳಗದ್ದು. ಅಂತೂ ದೇಶ ಯಾವುದಾದರೂ ಕಾಲೊಳಗೆ ಮೀನೇ.

ಈ ನಂಗುವಿನ ಒಳಗೆ ಅಗಲವಾದ ರಕ್ತದ ತಾಣಗಳಿವೆ. ಹೆಜ್ಜೆ ಇಟ್ಟಾಗಲೆಲ್ಲ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ; ಅಭಿಧಮನಿಗಳಲ್ಲಿರುವ ಕವಾಟಗಳು ಅದು ಕೆಳಗಿಳಿಯದಂತೆ ತಡೆಯುತ್ತವೆ. ಮೀನಖಂಡವನ್ನು ಎರಡನೆಯ ಹೃದಯ ಎನ್ನುವುದು ಇದಕ್ಕೇ. ಆದರೆ ಈ ಹೃದಯ ನಡೆದರೆ ಮಾತ್ರ ಬಡಿಯುತ್ತದೆ. ಕೂತರೆ ನಿಲ್ಲುತ್ತದೆ.

ನಿಂತ ರಕ್ತ ಏನಾಗುತ್ತದೆ ಎಂದು ಹೇಳಲು ಕನ್ನಡದಲ್ಲಿ ಹೊಸ ಪದ ಹುಡುಕಬೇಕಾಗಿಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಿಸಬೇಡ ಎಂದು ಅಮ್ಮ ಗದರುತ್ತಿದ್ದಳು. ಬೆಚ್ಚಗಿರಬೇಕು, ಅಲುಗಬಾರದು, ಒಂದು ಚೂರು ಹೆಪ್ಪು ಬೀಳಬೇಕು. 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಎಂಬ ವೈದ್ಯ ರಕ್ತ ಹೆಪ್ಪುಗಟ್ಟುವ ಬಗ್ಗೆ ಬರೆದ. ಇಂದು ಅವನ ಹೆಸರಿನಲ್ಲಿ ಹೇಳುವ ಮೂರು ಕಾರಣಗಳೂ ಹೆಚ್ಚುಕಡಿಮೆ ಅಮ್ಮನ ಪಾಠವೇ: ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಗುಣಕ್ಕೆ ತಿರುಗುವುದು. ಆಪರೇಷನ್, ಬಸ್ಸು, ಬೆಂಚು, ಕುಡಿಯದ ನೀರು. ನಾನು ಚೊಕ್ಕವಾಗಿ ಹೆಪ್ಪು ಹಾಕಿಟ್ಟಿದ್ದೆ.

ನಾಲ್ಕು ದಿನ ಅದನ್ನು ಗುರುತಿಸದೇ ಹೋದದ್ದಕ್ಕೆ ಕಾರಣ, ಮೀನಖಂಡದ ನೋವು ನನಗೆ ಹೊಸದಲ್ಲ ಎಂಬ ಅಹಂಕಾರ. ಕೊಡಚಾದ್ರಿ ಹತ್ತಿ ಬಂದ ರಾತ್ರಿ ಎರಡು ಗಂಟೆಗೆ ಬರುವ ಸೆಳೆತ ಗೊತ್ತು. ಮೀನು ಮುಷ್ಟಿ ಕಟ್ಟಿದ ಹಾಗೆ ಗಟ್ಟಿಯಾಗುತ್ತದೆ, ಜೀವ ಬಾಯಿಗೆ ಬರುತ್ತದೆ, ಕಾಲ್ಬೆರಳು ಹಿಡಿದು ತನ್ನತ್ತ ಎಳೆದುಕೊಂಡರೆ ಅಥವಾ ನೆಲಕ್ಕೆ ಹಿಮ್ಮಡಿ ಊರಿ ನಿಂತರೆ ನಿಮಿಷಗಳಲ್ಲಿ ಬಿಡುತ್ತದೆ. ಮರುದಿನ ಸಣ್ಣ ಕಂದಿದ ನೋವು, ಅಷ್ಟೆ. ನೋವಿನ ಜೋರಿನಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಅಪಾಯದಲ್ಲಿ ಹೆಚ್ಚಿನ ಸಲ ಏನೂ ಇಲ್ಲ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಇದು ಮಾಮೂಲು. ಕೊಲೆಸ್ಟರಾಲ್ ಮಾತ್ರೆ ಶುರುಮಾಡಿದ ಮೇಲೆ ಎರಡೂ ಕಾಲು, ತೊಡೆ ನೋಯತೊಡಗಿದರೆ ಮಾತ್ರ ಮಾತ್ರೆ ಕೊಟ್ಟವರಿಗೆ ಹೇಳಬೇಕು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅವತ್ತೇ.

ನಮ್ಮೂರ ವಾಲಿಬಾಲ್ ಪಂದ್ಯದಲ್ಲಿ ಕಂಡದ್ದು ಬೇರೆ ಜಾತಿ. ರಾತ್ರಿ ಹ್ಯಾಲೊಜನ್ ದೀಪದಡಿ ಆಟ. ನಲವತ್ತರ ಹತ್ತಿರದ ಒಬ್ಬ ಹಾರಲು ಹೊರಟವನು ನಡುವೆ ನಿಂತು ಹಿಂದಕ್ಕೆ ತಿರುಗಿ, “ಯಾವನಲೇ ಒದ್ದವನು?” ಎಂದು ಕೂಗಿದ. ಹಿಂದೆ ಯಾರೂ ಇರಲಿಲ್ಲ. ಹಿಮ್ಮಡಿಯ ನಾರು ಹರಿದಾಗ ಹಾಗೇ ಅನಿಸುವುದಂತೆ, ಯಾರೋ ಒದ್ದ ಹಾಗೆ, ಕಲ್ಲು ಬೀಸಿದ ಹಾಗೆ. ಅವನನ್ನು ಮಂಚದ ಮೇಲೆ ಬೋರಲು ಮಲಗಿಸಿ, ಪಾದ ಅಂಚಿನಾಚೆ ಇಳಿಬಿಟ್ಟು, ಡಾಕ್ಟರು ಮೀನಖಂಡವನ್ನು ಹಿಂಡಿದರು. ಬಲಗಾಲಿನದು ಹಿಂಡಿದರೆ ಪಾದ ಕೆಳಕ್ಕೆ ಬಾಗುತ್ತಿತ್ತು. ಎಡಗಾಲಿನದು ಎಷ್ಟು ಹಿಂಡಿದರೂ ಪಾದ ಸತ್ತ ಮೀನಿನಂತೆ ತೂಗಾಡುತ್ತಿತ್ತು. ಹಗ್ಗ ತುಂಡಾದ ಮೇಲೆ ಗಂಟೆ ಅಲ್ಲಾಡುವುದಾದರೂ ಹೇಗೆ? ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗೋಣ ಎಂದು ನಾಲ್ಕು ಜನ ಅಂದಿದ್ದರು. ಯಾರೋ ಪುಣ್ಯಾತ್ಮರು ಕೇಳಲಿಲ್ಲ.

ಕೆಳಮನೆಯ ಅಜ್ಜನದು ಇನ್ನೂ ಸೂಕ್ಷ್ಮ. ಅವರು ನಮ್ಮ ಏರು ಹತ್ತಿ ಅಂಗಡಿಗೆ ಹೋಗುವಾಗ ಹಲಸಿನ ಮರದ ಕೆಳಗೆ ನಿಂತು ಬೀಡಿ ಹಚ್ಚುತ್ತಿದ್ದರು. ಎರಡು ನಿಮಿಷ ನಿಂತು ಮತ್ತೆ ಹೊರಡುವರು. ವರ್ಷಗಟ್ಟಲೆ ನೋಡಿದ್ದೇನೆ, ಬೀಡಿಗಾಗಿ ನಿಲ್ಲುತ್ತಾರೆ ಎಂದೇ ತಿಳಿದಿದ್ದೆ. ಒಂದು ವರ್ಷ ಅವರು ಹಲಸಿನ ಮರದ ಬದಲು ಅದಕ್ಕಿಂತ ಕೆಳಗಿನ ಕಾಲುಸಂಕದ ಬಳಿ ನಿಲ್ಲತೊಡಗಿದರು. ಹಕ್ಕಿಯೊಂದು ದಿನವೂ ಕೂರುವ ಕೊಂಬೆ ಬದಲಿಸಿದರೆ ಕಾರಣ ಹುಡುಕುವ ನಾನು, ಅಜ್ಜ ಕೊಂಬೆ ಬದಲಿಸಿದ್ದನ್ನು ಕಂಡೂ ಸುಮ್ಮನಿದ್ದೆ. ಆಮೇಲೆ ತಿಳಿಯಿತು, ಅವರು ನಿಲ್ಲುತ್ತಿದ್ದದ್ದು ಮೀನಖಂಡ ಹಿಡಿದುಕೊಳ್ಳುತ್ತಿದ್ದರಿಂದ. ಕಾಲಿಗೆ ರಕ್ತ ಒಯ್ಯುವ ಅಪಧಮನಿ ಒಳಗೆ ಕಟ್ಟಿ ಕಿರಿದಾಗಿತ್ತು. ನಡೆದರೆ ಸ್ನಾಯು ಹಸಿಯುತ್ತದೆ, ನಿಂತರೆ ನೋವು ಇಳಿಯುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ಇದನ್ನು 1831ರಲ್ಲಿ ಫ್ರಾನ್ಸಿನಲ್ಲಿ ಬೂಲೇ ಎಂಬ ಪಶುವೈದ್ಯ ಮೊದಲು ಕುದುರೆಯಲ್ಲಿ ಗುರುತಿಸಿದ, ಮನುಷ್ಯರ ಸರದಿ ಬಂದದ್ದು ಆಮೇಲೆ. ನಿಂತು ಸುಧಾರಿಸಿಕೊಳ್ಳಲು ಅಜ್ಜ ಹಚ್ಚುತ್ತಿದ್ದ ಬೀಡಿಯೇ ಅಪಧಮನಿ ಕಟ್ಟಲು ದೊಡ್ಡ ಕಾರಣ. ಕಾಲ್ಬೆರಳ ಗಾಯ ಮಾಯದೆ ಹೋದಾಗ ಮನೆಯವರು ಆಸ್ಪತ್ರೆಗೆ ಒಯ್ದರು. ಅಲ್ಲಿ ಕೈಯಲ್ಲಿ ನೋಡುವ ಬಿ.ಪಿ.ಯನ್ನು ಪಾದದ ಗಂಟಿನ ಬಳಿಯೂ ನೋಡಿ, ಎರಡರ ಲೆಕ್ಕದಿಂದಲೇ ಹೇಳಿದರು.

ಇದೇ ಕಟ್ಟುವಿಕೆ ಒಮ್ಮೆಲೇ ಆದರೆ ಬೀಡಿ ಹಚ್ಚುವಷ್ಟು ಪುರುಸೊತ್ತಿಲ್ಲ. ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ಮುಟ್ಟಿದರೆ ತಣ್ಣಗೆ, ಜೋಮು ಹಿಡಿದು, ಬೆರಳಾಡಿಸಲು ಆಗದಂತಾದರೆ ಕಾಲು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆ, ಸುಮಾರು ಆರು.

ಮಲೆನಾಡಿನಲ್ಲಿ ಮೀನಖಂಡದ ನೋವಿಗೆ ಋತುಗಳೂ ಇವೆ. ಮಳೆಗಾಲದಲ್ಲಿ ನಾಟಿ ಗದ್ದೆಗೆ ಇಳಿದವರಿಗೆ ವಾರ, ಹತ್ತು ದಿನ ಕಳೆದು ಜ್ವರ ಬಂದು, ಮೀನಖಂಡ ಮುಟ್ಟಿದರೆ ಕಿರುಚುವಂತಾದರೆ ಅದು ಗದ್ದೆ ಕೆಲಸದ ಆಯಾಸವಲ್ಲ, ಇಲಿಜ್ವರದ ಗುಮಾನಿ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರಾ ಎಂಬ ಸುರುಳಿ ಜೀವಿ ಕಾಲಿನ ಸಣ್ಣ ಗೀರುಗಳ ಮೂಲಕ ಒಳಸೇರುತ್ತದೆ. ಕೀವಿಲ್ಲದೆ ಕೆಂಪಾದ ಕಣ್ಣು ಇನ್ನೊಂದು ಗುರುತು. ಕಣ್ಣು ಹಳದಿಯಾಗುವವರೆಗೆ, ಮೂತ್ರ ಕಡಿಮೆಯಾಗುವವರೆಗೆ ಕಾಯಬಾರದು. ಬೇಗ ಹೋದರೆ ಮಾಮೂಲಿ ಆಂಟಿಬಯಾಟಿಕ್ಕಿಗೇ ಬಗ್ಗುವ ರೋಗ. ಡಾಕ್ಟರ ಮುಂದೆ “ಜ್ವರ, ಮೈಕೈ ನೋವು” ಎಂದಷ್ಟೇ ಹೇಳದೆ, “ಗದ್ದೆಯಲ್ಲಿ ನಿಂತಿದ್ದೆ” ಎಂದು ಸೇರಿಸಬೇಕು. ಆ ಒಂದು ವಾಕ್ಯದಿಂದ ಪರೀಕ್ಷೆಯ ದಿಕ್ಕೇ ಬದಲಾಗುತ್ತದೆ.

ಬೇಸಗೆಯದು ಇನ್ನೊಂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆ. ಉಣುಗು ಕಚ್ಚಿ ಹರಡುವ ಇದರಲ್ಲೂ ಒಮ್ಮೆಲೇ ಏರುವ ಜ್ವರ, ತಲೆನೋವಿನ ಜೊತೆ ಸೊಂಟ, ಮೀನಖಂಡ ಕಿತ್ತುಹೋಗುವಂಥ ನೋವಿರುತ್ತದೆ. ನಾನು ಕೂತಿದ್ದದ್ದು ಅದೇ ಕಾಲದಲ್ಲಿ, ಅದೇ ಬಗೆಯ ಕಾಡಿನಲ್ಲಿ. ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಬಳಿದುಕೊಂಡೇ ಹೋಗುತ್ತಿದ್ದೆ. ಕಾಲು ನೋಯಲು ಶುರುವಾದಾಗ ಥರ್ಮಾಮೀಟರ್ ಇಟ್ಟುಕೊಂಡೆ, ಜ್ವರವಿರಲಿಲ್ಲ. ಮಂಗನ ಕಾಯಿಲೆ ಅಲ್ಲ ಎಂದ ಮೇಲೆ ಏನೂ ಅಲ್ಲ ಎಂದುಕೊಂಡೆ. ಪಕ್ಷಿ ವೀಕ್ಷಣೆಯಲ್ಲಿ ಹೊಸಬರು ಮಾಡುವ ತಪ್ಪು ಇದು: ಗಿಡುಗವಲ್ಲ ಎಂದು ಖಾತ್ರಿಯಾದೊಡನೆ ಪಾರಿವಾಳ ಎಂದು ಬರೆದುಬಿಡುವುದು.

ಐದನೆಯ ದಿನ ಮಧ್ಯಾಹ್ನ ಅತ್ತಿಗೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿದರು. “ಕೂತು ಕೂತು ನರ ಹಿಡಿದಿದೆ, ಚೆನ್ನಾಗಿ ನೀವಿದರೆ ಬಿಡುತ್ತೆ” ಎಂದು ಬಟ್ಟಲು ತಂದಿಟ್ಟರು. ಅಷ್ಟರಲ್ಲಿ ಅಕ್ಕನ ಮಗಳ ಫೋನ್ ಬಂತು. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಮಾತಿಗೆ ಮಾತು ಬಂದು ಕಾಲಿನ ಸುದ್ದಿ ಹೇಳಿದೆ.

“ಮಾವ, ಒಂದು ಕಾಲೋ, ಎರಡೂ ಕಾಲೋ?”

“ಒಂದೇ. ಎಡಗಾಲು.”

“ಊದಿದೆಯಾ?”

“ಸ್ವಲ್ಪ ಇದ್ದರೂ ಇರಬಹುದು.”

“ಇರಬಹುದು ಅಂದ್ರೆ? ಹಕ್ಕಿ ಮೊಟ್ಟೆಯನ್ನ ಮಿಲಿಮೀಟರಲ್ಲಿ ಬರೀತೀರಿ, ಸ್ವಂತ ಕಾಲು ಅಳೆದಿಲ್ವಾ? ಅತ್ತೆ ಎಣ್ಣೆ ಏನಾದ್ರೂ ಹಚ್ತಿದಾರಾ? ಮೊದಲು ನಿಲ್ಸಿ. ನೀವಬಾರದು.”

ಮರದ ಸುತ್ತಳತೆ ತೆಗೆಯುವ ನನ್ನ ಟೇಪು ಚೀಲದಲ್ಲೇ ಇತ್ತು. ಅವಳು ಹೇಳಿದಂತೆ ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಎರಡೂ ಕಾಲು ಸುತ್ತಿದೆ. ಬಲ 35.5. ಎಡ 39. ಮೂರಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಹೆಪ್ಪಿನ ಗುಮಾನಿಗೆ ಡಾಕ್ಟರುಗಳು ಹಾಕುವ ಲೆಕ್ಕದಲ್ಲಿ ಅದೊಂದು ಅಂಕ. ಮೂರು ತಿಂಗಳೊಳಗೆ ಆಪರೇಷನ್ ಆಗಿದ್ದರೆ ಇನ್ನೊಂದು. ಮೊಳಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಕೆಸರಿನಲ್ಲಿ ಕಡವೆಯ ಗೊರಸು ಮೂಡಿದಂತೆ ಗುಳಿ ಉಳಿಯಿತು, ನಿಧಾನವಾಗಿ ತುಂಬಿಕೊಂಡಿತು. ಬಲಗಾಲಿನಲ್ಲಿ ಗುಳಿ ನಿಲ್ಲಲಿಲ್ಲ. ಕೈಯ ಹಿಂಬದಿಯಿಂದ ಮುಟ್ಟಿದರೆ ಎಡಗಾಲು ಒಂದಿಷ್ಟು ಬೆಚ್ಚಗೆ. ಪಾದವನ್ನು ಮೇಲಕ್ಕೆ ಬಾಗಿಸಿದರೆ ನೋವಾಗುತ್ತಿಲ್ಲವಲ್ಲ ಎಂದು ಕೊನೆಯ ವಾದ ಮಂಡಿಸಿದೆ. “ಆ ಪರೀಕ್ಷೆಯನ್ನ ಈಗ ಯಾರೂ ನಂಬಲ್ಲ ಮಾವ. ಉಸಿರು ಕಟ್ತಿದೆಯಾ? ಎದೆ ನೋವು? ಕೆಮ್ಮಿದ್ರೆ ರಕ್ತ? ಇಲ್ಲ ತಾನೇ? ಹಾಗಾದ್ರೆ ಕಾರಲ್ಲಿ ಹೊರಡಿ, ಇವತ್ತೇ. ಅದರಲ್ಲಿ ಒಂದಿದ್ರೂ ಕಾರಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.”

ನೀವಬಾರದು ಎಂದು ಯಾಕೆ ಅಷ್ಟು ಗದರಿದಳು ಎಂಬುದು ದಾರಿಯಲ್ಲಿ ಅರ್ಥವಾಯಿತು. ಅಭಿಧಮನಿಯ ಹೆಪ್ಪಿನ ಚೂರು ಕಿತ್ತುಕೊಂಡರೆ ಮೇಲಕ್ಕೆ ಹೋಗುತ್ತದೆ, ಹೃದಯ ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕಾಲು ನೋವು ಮರೆತೇಹೋಗುತ್ತದೆ. ನಮ್ಮ ಕಡೆ ಬಾಣಂತಿಯರನ್ನು ಮಲಗಿಸಿ, ಎಣ್ಣೆ ನೀವಿ, ಬಿಸಿನೀರು ಹುಯ್ಯುವ ಪದ್ಧತಿಯಿದೆ. ಹೆರಿಗೆಯ ನಂತರದ ಆರು ವಾರ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಿರುವ ಕಾಲ. ಬಾಣಂತಿಯ ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ “ಬಾಣಂತಿಗೆ ಕಾಲು ನೋವು ಇದ್ದದ್ದೇ” ಎನ್ನುವ ಅಜ್ಜಿಯನ್ನು ಈ ಒಂದು ವಿಷಯದಲ್ಲಿ ಮೀರಲೇಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಗರ್ಭನಿರೋಧಕ ಮಾತ್ರೆ ನುಂಗುವವರು, ಹಿಂದೊಮ್ಮೆ ಹೆಪ್ಪು ಆದವರು ಕೂಡ ಇದೇ ಸಾಲಿನವರು.

ಶಿವಮೊಗ್ಗದ ಸ್ಕ್ಯಾನಿಂಗ್ ಕೋಣೆಯಲ್ಲಿ ಕಂಡದ್ದನ್ನು ನಾನು ಹಕ್ಕಿ ನೋಡುವಷ್ಟೇ ಆಸೆಯಿಂದ ನೋಡಿದೆ. ತಣ್ಣನೆ ಜೆಲ್ ಹಚ್ಚಿ, ಮೊದಲು ಬಲಗಾಲಿನ ಮೊಣಕಾಲಿನ ಹಿಂಭಾಗಕ್ಕೆ ಕೈಯಲ್ಲಿದ್ದ ಕಡ್ಡಿಯನ್ನು ಇಟ್ಟರು. ಪರದೆಯ ಮೇಲೆ ಎರಡು ಕಪ್ಪು ಬೊಟ್ಟು, ಅಕ್ಕಪಕ್ಕ. ಒಂದು ಮಿಡಿಯುತ್ತಿತ್ತು, ಅಪಧಮನಿ. ಕಡ್ಡಿಯನ್ನು ಸ್ವಲ್ಪ ಒತ್ತಿದರು. ಇನ್ನೊಂದು ಬೊಟ್ಟು ಕಣ್ಣು ಮುಚ್ಚಿದ ಹಾಗೆ ಚಪ್ಪಟೆಯಾಗಿ ಮಾಯವಾಯಿತು, ಬಿಟ್ಟರೆ ಮತ್ತೆ ತೆರೆಯಿತು. ಆರೋಗ್ಯವಂತ ಅಭಿಧಮನಿ ಹಾಗೆಯೇ ಕಣ್ಣು ಮಿಟುಕಿಸಬೇಕು. ಎಡಗಾಲಿಗೆ ಬಂದರು. ಒತ್ತಿದರು. ಬೊಟ್ಟು ಮುಚ್ಚಲಿಲ್ಲ. ಇನ್ನಷ್ಟು ಒತ್ತಿದರು. ಒಳಗೆ ಬೂದು ಮಬ್ಬು ತುಂಬಿಕೊಂಡು, ಗುಂಡಗೆ, ತೆರೆದ ಕಣ್ಣಿನಂತೆ ನನ್ನನ್ನೇ ನೋಡುತ್ತಿತ್ತು.

ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್, ಆಮೇಲೆ ಮೂರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ. ಎರಡನೆಯ ದಿನವೇ ನಡೆಯಲು ಹೇಳಿದರು. ಮಂಚ ಹಿಡಿಯಬೇಕೆಂದು ತಯಾರಾಗಿದ್ದ ನಮ್ಮ ಮನೆಯವರಿಗೆ ಇದು ಸ್ವಲ್ಪ ನಿರಾಸೆಯೇ ಆಯಿತು.

ಮನೆಯಲ್ಲಿದ್ದ ದಿನಗಳಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಇಡೀ ಚಳಿಗಾಲ ಗುಹೆಯಲ್ಲಿ ಮಲಗುವ ಪ್ರಾಣಿಗಳಿಗೆ ಯಾಕೆ ಹೀಗಾಗುವುದಿಲ್ಲ? ಸ್ವೀಡನ್ನಿನ ಕಂದು ಕರಡಿಗಳ ರಕ್ತವನ್ನು ಚಳಿಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ತೆಗೆದು ನೋಡಿದ ಅಧ್ಯಯನ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಮಲಗಿದ ಕರಡಿಯ ರಕ್ತದ ಕಿರುತಟ್ಟೆಗಳಲ್ಲಿ (ಪ್ಲೇಟ್‌ಲೆಟ್) ಎಚ್‌ಎಸ್‌ಪಿ 47 ಎಂಬ ಒಂದು ಪ್ರೋಟೀನು ತೀರಾ ಕಡಿಮೆಯಾಗಿರುತ್ತದಂತೆ. ಬೆನ್ನುಹುರಿಗೆ ಪೆಟ್ಟಾಗಿ ವರ್ಷಗಟ್ಟಲೆ ನಡೆಯದವರಲ್ಲೂ ಅದು ಕಡಿಮೆ. ದೇಹಕ್ಕೆ ದೀರ್ಘ ನಿಶ್ಚಲತೆ ಅಭ್ಯಾಸವಾಗುತ್ತದೆ, ಆದರೆ ಸಮಯ ಬೇಕು. ವಾರವೊಂದರಲ್ಲಿ ಬಸ್ಸು, ಬೆಂಚು ಎಂದು ಕೂತವನಿಗೆ ಆ ರಿಯಾಯಿತಿ ಇಲ್ಲ. ದರೋಜಿ ಕರಡಿಧಾಮದ ನಮ್ಮ ಕರಡಿಗಳಿಗೆ ಈ ವಿದ್ಯೆ ಬೇಕೇ ಆಗಿಲ್ಲ; ಅವು ಚಳಿಗಾಲದಲ್ಲಿ ಮಲಗುವವಲ್ಲ.

ಜೂನ್ ಮೊದಲ ಮಳೆಗೆ ತೋಟಕ್ಕೆ ಇಳಿದೆ. ಮಾತ್ರೆ ಮುಗಿಯಲು ಹತ್ತು ದಿನ ಬಾಕಿ. ಸರಿಯಾಗಿ ಎಡ ಮೀನಖಂಡಕ್ಕೇ ಒಂದು ಇಂಬಳ ಕಚ್ಚಿತು. ಅದು ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬೆರೆಸಿ ಕುಡಿಯುವ ಪ್ರಾಣಿ. 1884ರಲ್ಲಿ ಜಾನ್ ಹೇಕ್ರಾಫ್ಟ್ ಜಿಗಣೆಯಲ್ಲಿ ಈ ಗುಣ ಕಂಡ. 1950ರ ದಶಕದಲ್ಲಿ ಜರ್ಮನಿಯ ಫ್ರಿಟ್ಜ್ ಮಾರ್ಕ್‌ವಾರ್ಟ್ ಅದರಿಂದ ಹಿರುಡಿನ್ ಎಂಬ ಸತ್ವವನ್ನು ಬೇರ್ಪಡಿಸಿದ. ಅದರ ಜಾಡಿನಲ್ಲಿ ಹೆಪ್ಪು ತಡೆಯುವ ಔಷಧಿಗಳೇ ಬಂದವು. ಮಾತ್ರೆಯ ಮೇಲೆ ಇಂಬಳದ ಜೊಲ್ಲು ಬಿದ್ದರೆ ಕೇಳಬೇಕೆ? ಮಾಮೂಲು ದಿನಗಳಲ್ಲಿ ಗಂಟೆಯೊಳಗೆ ನಿಲ್ಲುವ ರಕ್ತ ಸಂಜೆಯವರೆಗೂ ಜಿನುಗಿತು. ಬಟ್ಟೆ ಒತ್ತಿಹಿಡಿದು ಜಗುಲಿಯಲ್ಲಿ ಕೂತಿದ್ದ ನನ್ನ ಪಂಚೆ ನೋಡಿ ಅತ್ತಿಗೆ, “ಆಗ ಗಟ್ಟಿ, ಈಗ ನೀರು. ಹದ ಅನ್ನೋದೇ ಇಲ್ಲ ನಿಮ್ಮಲ್ಲಿ” ಎಂದರು.

ಈ ವರ್ಷ ಫೆಬ್ರವರಿ 9ರಂದು ನಂದಿ ಮರದ ಪೊಟರೆ ಮತ್ತೆ ಮುಚ್ಚಿತು. ಅಡಿಕೆ ದಬ್ಬೆ ತೆಗೆದು ಹಗ್ಗದ ಕುರ್ಚಿ ಇಟ್ಟಿದ್ದೇನೆ, ಪಕ್ಕದಲ್ಲಿ ನೀರಿನ ಬಾಟಲಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಮರೆಯ ಹಿಂದೆ ಐವತ್ತು ಹೆಜ್ಜೆ ನಡೆಯುತ್ತೇನೆ. ಹಕ್ಕಿ ಬೆದರಿ ಗೂಡು ಬಿಟ್ಟೀತೆಂಬ ಭಯವಿತ್ತು. ಮೊದಲ ದಿನ ಗಂಡು ಹಣ್ಣು ನುಂಗಿಕೊಂಡು ದೂರದ ಕೊಂಬೆಯಲ್ಲೇ ಕೂತು ನಕ್ಕ ಹಾಗೆ ಕೂಗಿ ಹೋಯಿತು. ಎರಡನೆಯ ದಿನ ಸ್ವಲ್ಪ ಕಾದು ಬಂತು. ಮೂರನೆಯ ದಿನದ ಟಿಪ್ಪಣಿ: “7.20, ಎದ್ದು ನಡೆದೆ. 7.26, ಗಂಡು ಬಂತು. ಒಂಬತ್ತು ಹಣ್ಣು. ಎಡ 36, ಬಲ 35.5.”